ಹೋಗುವುದರ ಮೂಲ

ಪೋಸ್ಟರಿನಲ್ಲಿ ತನ್ನ ಹೆಸರಿನ ಮುಂದೆ 'ಡಾ.' ಎಂದು ಕೂತಿರುವುದನ್ನು ತಿರುಮಲ ಬೆಳಿಗ್ಗೆಯಿಂದ ಹತ್ತು ಸಲವಾದರೂ ನೋಡಿದ್ದ. ಫೋನಿನ ಮೇಲೆ ಎರಡು ಬೆರಳಿಟ್ಟು ಹಿಗ್ಗಿಸಿದರೆ ಅದು ಇನ್ನಷ್ಟು ದಪ್ಪಗಾಗಿ ಅವನನ್ನೇ ದಿಟ್ಟಿಸುತ್ತಿತ್ತು. 'ಡಾ. ತಿರುಮಲ, ಆಸ್ಟಿನ್. ವಿಷಯ: ಇಟಾಲಿಯನ್ ಭಾಷೆಯಲ್ಲಿ ಹೋಗುವುದು: ಅಂದಾರೆ ಎಂಬ ಕ್ರಿಯಾಪದದ ಅರ್ಥ ಮತ್ತು ಮೂಲ. ಸ್ಥಳ: ಚನ್ನವೀರಪ್ಪನವರ ಮನೆ, ಪ್ರಾಸ್ಪರ್. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ. ಸನ್ಮಾನವಿದೆ. ಬಿಸಿ ಜೋಳದ ರೊಟ್ಟಿಯೂ ಇದೆ.' ರೊಟ್ಟಿಯ ಅಕ್ಷರಗಳು ಅವನ ಹೆಸರಿಗಿಂತ ದೊಡ್ಡವು. ಅದಕ್ಕೆ ಅವನ ತಕರಾರಿರಲಿಲ್ಲ. ಡಲ್ಲಸ್ಸಿನ ಸುತ್ತಮುತ್ತಲಿನ ಕನ್ನಡಿಗರು ಶನಿವಾರ ಹಾಸಿಗೆ ಬಿಟ್ಟೇಳುವುದಾದರೆ ರೊಟ್ಟಿಗಾಗಿ ಏಳುತ್ತಾರೆಯೇ ಹೊರತು ಒಂದು ಕ್ರಿಯಾಪದಕ್ಕಾಗಿ ಅಲ್ಲ, ಅಷ್ಟು ಲೋಕಜ್ಞಾನ ಅವನಿಗೂ ಇತ್ತು. ತಕರಾರಿದ್ದದ್ದು ಆ ಒಂದು ಅಕ್ಷರ, ಒಂದು ಚುಕ್ಕಿಯ ಬಗ್ಗೆ. ಅವನು ಡಾಕ್ಟರನಾಗಿರಲಿಲ್ಲ. ಆಗುವುದೂ ಇಲ್ಲವೆಂದು ಜನವರಿಯಲ್ಲೇ ಇತ್ಯರ್ಥವಾಗಿತ್ತು. ಈಗ ಅಕ್ಟೋಬರ್. ಒಂಬತ್ತು ತಿಂಗಳು ಹೊತ್ತರೆ ಹೆಂಗಸರು ಒಂದು ಮಗುವನ್ನಾದರೂ ಹೆರುತ್ತಾರೆ. ಅವನು ಹೊತ್ತದ್ದು ಇನ್ನೂ ಬಾಯಿಂದ ಹೊರಬಿದ್ದಿರಲಿಲ್ಲ.

ಕಾರು ಓಡಿಸುತ್ತಿದ್ದವಳು ಹೆಂಡತಿ ಪ್ರಗತಿ. ಮೆಕಿನ್ನಿಯ ಮನೆಯಿಂದ ಪ್ರಾಸ್ಪರಿಗೆ ಅರ್ಧ ಗಂಟೆ. ಮನೆ ಬಿಡುವಾಗ ಅವನು, ಮೊದಲ ಸಿಗ್ನಲ್ಲಿನಲ್ಲಿ ಹೇಳಿಬಿಡುತ್ತೇನೆ ಎಂದುಕೊಂಡಿದ್ದ. ಮೊದಲ ಸಿಗ್ನಲ್ ದುಷ್ಟನಂತೆ ಹಸಿರಾಗಿಯೇ ಇತ್ತು. ಎರಡನೆಯದರಲ್ಲಿ ಕೆಂಪು ಸಿಕ್ಕಿತು, ಆದರೆ ಅವಳು ಕನ್ನಡಿ ಬಗ್ಗಿಸಿ ಕುಂಕುಮ ಸರಿಮಾಡಿಕೊಳ್ಳುತ್ತಿದ್ದಳು. ಕುಂಕುಮ ಸರಿಮಾಡಿಕೊಳ್ಳುವ ಹೆಂಗಸಿಗೆ ಇಂಥ ಸುದ್ದಿ ಹೇಳಬಾರದು ಎಂಬ ಶಾಸ್ತ್ರವನ್ನು ಅವನು ಅಲ್ಲೇ ಹುಟ್ಟಿಸಿಕೊಂಡ. ಮೂರನೆಯದರಲ್ಲಿ ಗಂಟಲು ಸರಿಮಾಡಿಕೊಂಡು, "ಪ್ರಗತೀ, ಆ ಪೋಸ್ಟರ್‌ನಲ್ಲಿ ಡಾಕ್ಟರ್ ಅಂತ ಹಾಕ್ಬಿಟ್ಟಿದಾರೆ" ಎಂದ. ಅವಳು ರಸ್ತೆಯಿಂದ ಕಣ್ಣು ತೆಗೆಯದೆ, "ಹಾಕ್ಲಿ ಬಿಡು. ಇನ್ನೇನು ಆಗೋನೇ ತಾನೇ?" ಎಂದಳು. ಅದರಲ್ಲಿ ಪ್ರಶ್ನೆಯಿತ್ತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಹೂಂ ಎಂದ. ಹೂಂ ಎನ್ನುವುದರಲ್ಲಿ ಅವನು ಆಗಲೇ ಡಾಕ್ಟರೇಟ್ ಪಡೆದಿದ್ದ.

ಏಳು ವರ್ಷ ಒಂದೇ ಒಂದು ಕ್ರಿಯಾಪದ. ಇಟಲಿಯವರು ಹೋಗುವುದಕ್ಕೆ ಅಂದಾರೆ ಎನ್ನುತ್ತಾರೆ. ಅದು ಎಲ್ಲಿಂದ ಬಂತು ಎಂದು ಯಾರಿಗೂ ಖಚಿತವಿಲ್ಲ. ಲ್ಯಾಟಿನ್ನಿನಲ್ಲಿ ನಡೆದಾಡು ಎಂಬರ್ಥದ ಪದವೊಂದು ಸವೆದು ಹೀಗಾಯಿತು ಎಂದರು ಕೆಲವರು. ಅಲ್ಲ, ಸುತ್ತು ಹಾಕು ಎಂಬುದರಿಂದ ಬಂತು ಎಂದರು ಇನ್ನು ಕೆಲವರು. ಅದೂ ಅಲ್ಲ, ಈಜಿ ದಡ ಸೇರು ಎಂಬುದರಿಂದ ಎಂದು ಮತ್ತೊಬ್ಬರು. ತಿರುಮಲ ಒಂದೊಂದಕ್ಕೂ ಒಂದೊಂದು ಅಧ್ಯಾಯ ಬರೆದು, ಒಂದೊಂದರ ಕತ್ತನ್ನೂ ಹಿಸುಕಿ, ಕೊನೆಯ ಅಧ್ಯಾಯದಲ್ಲಿ ಬಹಳ ಪ್ರಾಮಾಣಿಕವಾಗಿ, ಗೊತ್ತಿಲ್ಲ ಎಂದು ಬರೆದಿದ್ದ. ಗೈಡ್ ಆಗಿದ್ದ ಬಿಳಿಗೂದಲ ಹೆಂಗಸು ಅದನ್ನು ಓದಿ ಕನ್ನಡಕ ತೆಗೆದಿಟ್ಟು, ಗೊತ್ತಿಲ್ಲ ಅನ್ನುವುದು ನಮಗೆ ಮೊದಲೇ ಗೊತ್ತಿತ್ತಲ್ಲ ಎಂದಳು. ಆಮೇಲೆ ಎರಡು ಸಲ ಗಡುವು ಕೊಟ್ಟರು. ಎರಡು ಸಲವೂ ಅವನು ಈಜಿ ದಡ ಸೇರುವ ಅಧ್ಯಾಯದಲ್ಲೇ ಮುಳುಗಿದ. ಜನವರಿಯಲ್ಲಿ ಬಂದ ಪತ್ರ ಎಷ್ಟು ಸಭ್ಯವಾಗಿತ್ತೆಂದರೆ, ತನ್ನನ್ನು ಹೊರಹಾಕಿದ್ದಾರೆಂದು ತಿಳಿಯಲು ಎರಡು ಸಲ ಓದಬೇಕಾಯಿತು.

ಪತ್ರ ಬಂದ ಮೇಲೂ ಅವನು ಸೋಮವಾರ ಬೆಳಿಗ್ಗೆ ಆಸ್ಟಿನ್ನಿಗೆಂದು ಹೊರಡುವುದನ್ನು ನಿಲ್ಲಿಸಲಿಲ್ಲ. ಪ್ರಗತಿ ಪ್ಲೇನೋದ ಆಫೀಸಿಗೆ, ಅವನು ನಾಲ್ಕು ತಾಸು ದೂರದ ಆಸ್ಟಿನ್ನಿಗೆ, ಗುರುವಾರ ವಾಪಸ್ಸು: ಅವರ ಸಂಸಾರ ಅದೇ ತಾಳಕ್ಕೆ ಒಗ್ಗಿತ್ತು. ಎರಡು ವಾರ ಕ್ಯಾಂಪಸ್ಸಿನ ಬೆಂಚಿನ ಮೇಲೆ ಕೂತ. ಮೂರನೆಯ ವಾರ ಲೈಬ್ರರಿಯ ಬಾಗಿಲಿಗೆ ಕಾರ್ಡು ತೋರಿಸಿದರೆ ಯಂತ್ರ ಕೆಂಪು ದೀಪ ಹೊತ್ತಿಸಿ ಕೀಂ ಎಂದಿತು. ಹಿಂದೆ ನಿಂತಿದ್ದ ಹುಡುಗಿ ಸಾರಿ ಎಂದಳು, ಸತ್ತ ಮನೆಗೆ ಬಂದವಳ ಹಾಗೆ. ಅವತ್ತು ಅವನಿಗಾದಷ್ಟು ಅವಮಾನ ಆ ಪತ್ರದಿಂದಲೂ ಆಗಿರಲಿಲ್ಲ. ಮಾರನೆಯ ವಾರದಿಂದ ಆಸ್ಟಿನ್ನಿನ ರಸ್ತೆ ಬಿಟ್ಟು ಹ್ಯೂಸ್ಟನ್ನಿನ ರಸ್ತೆ ಹಿಡಿದ. ಅಲ್ಲಿ ಸ್ಟಾಫರ್ಡಿನಲ್ಲಿ ಮೈಸೂರಿನ ಹಳೆಯ ಸಹಪಾಠಿ ಮೋಹನರಾಜನದೊಂದು ತರಕಾರಿ ಅಂಗಡಿ. ಮೋಹನರಾಜ ಏನನ್ನೂ ಕೇಳದೆ, "ಬಾರೋ, ಹಿಂದ್ಗಡೆ ರೂಮಿದೆ, ಮಲ್ಕೋ. ಕೂತು ಬೇಜಾರಾದ್ರೆ ಕರಿಬೇವು ಕಟ್ಟು" ಎಂದ. ಕಟ್ಟಿದ. ಎಂಟು ತಿಂಗಳಿಂದ ಕಟ್ಟುತ್ತಿದ್ದಾನೆ. ನಾಚಿಕೆಯ ಸಂಗತಿಯೆಂದರೆ, ಆ ಅಂಗಡಿಯಲ್ಲಿ ಏಪ್ರನ್ ಕಟ್ಟಿಕೊಂಡು ನಿಂತಾಗ ಅವನಿಗೆ ಹಾಯೆನಿಸುತ್ತಿತ್ತು. ಕರಿಬೇವಿನ ಮೂಲ ಎಲ್ಲಿಯದೆಂದು ಯಾರೂ ಕೇಳುತ್ತಿರಲಿಲ್ಲ. ತಾಜಾ ಇದೆಯೋ ಇಲ್ಲವೋ, ಅಷ್ಟೇ.

ಚನ್ನವೀರಪ್ಪನವರ ಮನೆಯೆದುರು ಆಗಲೇ ಇಪ್ಪತ್ತು ಕಾರುಗಳಿದ್ದವು. ಗದಗ ಕಡೆಯ ಚನ್ನವೀರಪ್ಪ ಇಳಕಲ್ಲಿನ ಕೆಂಪು ಗ್ರಾನೈಟ್ ತರಿಸಿ ಪ್ರಾಸ್ಪರಿನ ಹೊಸ ಮನೆಗಳ ಅಡುಗೆಕಟ್ಟೆಗೆ ಹಾಸುವ ವ್ಯಾಪಾರದವರು. ತಿಂಗಳಿಗೊಂದು ಶನಿವಾರ ಮನೆಯಲ್ಲೇ ಕನ್ನಡ ಉಪನ್ಯಾಸ ಏರ್ಪಡಿಸುವುದು ಅವರ ಚಟ. ಬಾಗಿಲಲ್ಲೇ ತಿರುಮಲನ ಎರಡೂ ಕೈ ಹಿಡಿದು, "ಶರಣ್ರಿ ಡಾಕ್ಟರ್ ಸರ, ಬರ್ರಿ ಬರ್ರಿ" ಎಂದು ಒಳಗೆ ಎಳೆದುಕೊಂಡರು. ಚಪ್ಪಲಿ ಬಿಡುವಷ್ಟರಲ್ಲಿ ಒಬ್ಬ ಆಂಟಿ ಬಂದು, ಮೆಟ್ಟಿಲು ಹತ್ತುವಾಗ ಮಂಡಿ ಚಳಕ್ಕೆನ್ನುತ್ತದೆ, ಯಾವ ಎಣ್ಣೆ ಒಳ್ಳೆಯದು ಎಂದು ಕೇಳಿದರು. ಅವನು ನಾನು ಆ ಡಾಕ್ಟರಲ್ಲ ಎಂದ. ಆಂಟಿ, "ಓ, ಹೃದಯದ್ದಾ?" ಎಂದರು. ಪ್ರಗತಿ ಪಕ್ಕದಲ್ಲಿ ನಿಂತು ನಕ್ಕಳು. ಚನ್ನವೀರಪ್ಪನವರು ಅವನನ್ನು ಒಂದು ಪಕ್ಕಕ್ಕೆ ಕರೆದು ದನಿ ತಗ್ಗಿಸಿ, "ಸರ, ನಾನೂ ಸ್ವಲ್ಪ ವಿಚಾರ ಮಾಡೀನ್ರಿ. ಈ ಅಂದಾರೆ ಅನ್ನೂದು ನಮ್ಮ 'ನಡೆ'ಯಿಂದ ಹೋಗಿದ್ದ ಐತಿ. ರೋಮಿನವ್ರು ನಮ್ಮ ಕಡೆ ಮೆಣಸು ಒಯ್ಯಾಕ ಬರ್ತಿದ್ರಲ್ರಿ? ಮೆಣಸಿನ ಚೀಲದಾಗ ಶಬ್ದಾನೂ ತುಂಬ್ಕೊಂಡು ಹೋಗ್ಯಾರ. ತಾವು ಭಾಷಣದಾಗ ಇದನ್ನೊಂದಿಷ್ಟು ಹೇಳಬೇಕ್ರಿ" ಎಂದರು. ಹೇಳುವಾಗ ಅವರ ಮುಖದಲ್ಲಿ ಶಾಲೆಯ ಹುಡುಗನ ಆಸೆಯಿತ್ತು. ದೊಡ್ಡ ದೊಡ್ಡ ವಿದ್ವಾಂಸರ ಊಹೆಗಳಿಗೆಲ್ಲ ಏಳು ವರ್ಷ ಮಣ್ಣು ಹಾಕಿದ್ದ ತಿರುಮಲ, ಗ್ರಾನೈಟ್ ವ್ಯಾಪಾರಿಯ ಊಹೆಗೆ ರೊಟ್ಟಿಯ ಮುಲಾಜಿಗೆ ತಲೆದೂಗಿ, "ಹಾಗೂ ಇರಬಹುದು" ಎಂದ. ಎಷ್ಟು ಸಲೀಸಾಗಿ ಬಂತು ಆ ಮಾತು! ಇಷ್ಟೇ ಸಲೀಸಾಗಿ ಗೈಡಿನ ಮುಂದೆ ಬಂದಿದ್ದರೆ ಇವತ್ತು ನಿಜವಾಗಿಯೂ ಡಾಕ್ಟರನಾಗಿರುತ್ತಿದ್ದೆನಲ್ಲ ಎಂದು ಅವನ ಹೊಟ್ಟೆ ಉರಿಯಿತು.

ಹಾಲಿನಲ್ಲಿ ಜಮಖಾನ ಹಾಸಿ, ಹಿಂದೆ ಕುರ್ಚಿ ಹಾಕಿದ್ದರು. ಮೈಕಿನ ಮುಂದೆ ನಿಂತು ಎದುರಿಗೆ ನೋಡಿದವನೇ ತಿರುಮಲ ಮೈಕಿನ ಕಂಬ ಹಿಡಿದುಕೊಂಡ. ಮೊದಲ ಸಾಲಿನ ಸೋಫಾದಲ್ಲಿ, ಇಳಕಲ್ಲಿನ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿ, ಕಾಲು ಮಡಚಿ ಕೂತಿದ್ದ ಮುದುಕಿಯನ್ನು ಅವನು ಬಲ್ಲ. ಚೆನ್ನಾಗಿ ಬಲ್ಲ. ಆಗಸ್ಟ್ ತಿಂಗಳಿಡೀ ಪ್ರತಿ ಮಂಗಳವಾರ ಸ್ಟಾಫರ್ಡಿನ ಅಂಗಡಿಗೆ, ಅಲ್ಲೇ ವಾಸವಿದ್ದ ಮಗಳ ಜೊತೆ ಬರುತ್ತಿದ್ದ ಗುರವ್ವ. ಮಗಳು ಒಳಗೆ ಸಾಮಾನು ಆರಿಸುವಾಗ ಗುರವ್ವ ಕರಿಬೇವಿನ ಬುಟ್ಟಿಯ ಹತ್ತಿರ ಸ್ಟೂಲು ಎಳೆದುಕೊಂಡು ಕೂತು, ಅವನು ಕಟ್ಟಿದ ಕಟ್ಟುಗಳನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. "ಹಿಂಗ ಕಟ್ಟಿದ್ರ ನಾಳೆಗೆ ಕರ್ರಗಾಕ್ಕೈತಿ ತಮ್ಮಾ, ದಂಟು ಹೊರಗ ಬಿಡು." ಒಂದು ಮಂಗಳವಾರ ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಶೇಂಗಾ ಚಟ್ನಿ ತಂದು, "ಒಣಗಿ ಹೋಗೀ, ತಿನ್ನು" ಎಂದು ಕೈಯಲ್ಲಿಟ್ಟಿದ್ದಳು. ಏನು ಓದೀಯಪಾ ಎಂದಾಗ ಅವನು, ಏನೂ ಇಲ್ಲ ಅಮ್ಮ ಎಂದಿದ್ದ. ಇಡೀ ಟೆಕ್ಸಸ್ಸಿನಲ್ಲಿ ಅವನು ನಿಜ ಹೇಳಿದ್ದು ಆಕೆಯೊಬ್ಬಳಿಗೇ. ಆ ಗುರವ್ವ ಚನ್ನವೀರಪ್ಪನವರ ತಾಯಿಯೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಆಕೆ ಕಣ್ಣು ಕಿರಿದು ಮಾಡಿ ಅವನನ್ನೇ ನೋಡುತ್ತಿದ್ದಳು. ಜರಿಪೇಟ ಹಾಕಿಸಿಕೊಳ್ಳಲು ಬಂದಿರುವ ಈ ಮುಖವನ್ನು ಏಪ್ರನ್ನಿನ ಮೇಲೆ ಇಟ್ಟು ನೋಡುತ್ತಿದ್ದಾಳೆ ಎಂದು ಅವನಿಗೆ ತಿಳಿಯಿತು. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಅವನ ಕೈ ಹೆಗಲಿಗೆ ಹೋಯಿತು.

ಆದರೂ ಮಾತಾಡಿದ. ಮಾತು ಏಳು ವರ್ಷದ ಅಭ್ಯಾಸದಿಂದ ತಾನಾಗಿ ಬಂತು. ಇಟಲಿಯವನ ಹೋಗುವುದು ಬರೀ ಕಾಲಿನ ವ್ಯವಹಾರವಲ್ಲ ಎಂದ. ಅವನಿಗೆ ಕಾಫಿ ಬೇಕೋ ಎಂದು ಕೇಳಬೇಕಾದರೆ ನಿನಗೆ ಕಾಫಿ ಹೋಗುತ್ತದೆಯೇ ಎನ್ನುತ್ತಾರೆ. ಎಲ್ಲ ಸರಿಯಿದ್ದರೆ ಚೆನ್ನಾಗಿ ಹೋಗುತ್ತದೆ. ಒಂದು ಕೆಲಸ ಮಾಡಲೇಬೇಕಾದದ್ದಿದ್ದರೆ, ಅದು ಮಾಡಿ ಹೋಗುತ್ತದೆ ಎನ್ನುತ್ತಾರೆ. ತಮಾಷೆಯೆಂದರೆ ನಾನು ಹೋಗುತ್ತೇನೆ ಎನ್ನುವುದು ಒಂದು ಬೇರಿನಿಂದ, ನಾವು ಹೋಗುತ್ತೇವೆ ಎನ್ನುವುದು ಇನ್ನೊಂದು ಬೇರಿನಿಂದ ಬಂದದ್ದು. ಎರಡು ಬೇರೆ ಬೇರೆ ಬಟ್ಟೆ ಸೇರಿಸಿ ಹೊಲಿದ ಕೌದಿ ಅದು. ಒಂದು ಬಟ್ಟೆಯ ಊರು ಗೊತ್ತು, ಇನ್ನೊಂದರದು ಗೊತ್ತಿಲ್ಲ. ಕೇಳುತ್ತಿದ್ದವರಲ್ಲಿ ಅರ್ಧ ಜನ ಅಡುಗೆಮನೆಯಿಂದ ಬರುತ್ತಿದ್ದ ರೊಟ್ಟಿ ಬಡಿಯುವ ಸದ್ದಿನ ಕಡೆ ಕಿವಿಯಿಟ್ಟಿದ್ದರು. ಗುರವ್ವ ಒಬ್ಬಳು ಮಾತ್ರ ಮೈಯೆಲ್ಲ ಕಿವಿಯಾಗಿ ಕೇಳಿ ನಡುವೆಯೇ ಬಾಯಿ ಹಾಕಿದಳು.

"ನಮ್ಮ ಮಾತಿನ್ಯಾಗ ಹೋಗೂದೇನ ಕಮ್ಮಿ ಐತೇನಪಾ? ಕರೆಂಟ್ ಹೋಕ್ಕೈತಿ, ಮಾನ ಹೋಕ್ಕೈತಿ, ಜೀವ ಹೋಕ್ಕೈತಿ. ನಾ ಒಬ್ಬಾಕಿ ಗದಗಿಗೆ ಹೋಕ್ಕೀನಂದ್ರ ಮಾತ್ರ ಯಾರೂ ಬಿಡವಲ್ರು."

ಎಲ್ಲರೂ ನಕ್ಕರು. ಚನ್ನವೀರಪ್ಪನವರು ನಗುತ್ತಲೇ ಸಭೆಗೆ ವಿವರಿಸಿದರು: ಅವ್ವನ ಟಿಕೆಟ್ ಇಪ್ಪತ್ತೆರಡಕ್ಕಿದೆ, ಆದರೆ ಇತ್ತೀಚೆಗೆ ನೆನಪು ಕೈಕೊಡುತ್ತಿದೆ, ಹೋದ ವಾರ ಒಲೆ ಹಚ್ಚಿ ಮರೆತು ಕೂತಿದ್ದಳು, ಮೊಮ್ಮಗಳು ಸಿಯಾಳನ್ನು ಮೂರು ಸಲ ಬೇರೆ ಹೆಸರಿಂದ ಕರೆದಳು, ನಡುವೆ ದುಬೈಯಲ್ಲಿ ವಿಮಾನ ಬದಲಿಸಬೇಕು, ಹೇಗೆ ಒಬ್ಬಳನ್ನೇ ಕಳಿಸುವುದು? ಕಳಿಸದಿದ್ದರೆ ಇನ್ನು ಇಲ್ಲೇ ಇಟ್ಟುಕೊಳ್ಳಬೇಕು, ಡಾಕ್ಟರಿಗೆ ತೋರಿಸಬೇಕು. ಸೊಸೆ ಜಯದೇವಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಹೌದ್ರಿ, ನಮಗೂ ಅಂಜಿಕಿ" ಎಂದಳು. ಸಭೆ ಅಯ್ಯೋ ಪಾಪ ಎಂದಿತು. ಎದುರಿಗೇ ಕೂತಿರುವವಳ ಬಗ್ಗೆ, ಆಕೆ ಆಗಲೇ ಹೋಗಿಬಿಟ್ಟವಳ ಹಾಗೆ.

"ನನಗ ಎಲ್ಲಾ ನೆನಪೈತಿ" ಎಂದು ಗುರವ್ವ ಎದ್ದು ನಿಂತಳು. "ನೋಡ್ತೀ ಏನ್ ಚನ್ನವೀರಾ? ಈ ಹುಡಗನ್ನ ನಾ ಬಲ್ಲೆ. ಸ್ಟಾಫರ್ಡಿನ್ಯಾಗ ಸಂತಿ ಅಂಗಡಿ ಐತಲ್ಲ, ಅಲ್ಲಿ ಕರಿಬೇವು ಕಟ್ತಿದ್ದ. ಮೈಸೂರು ಕಡಿಯಾವ. ನಾ ಇವಂಗ ಶೇಂಗಾ ಚಟ್ನಿ ಕೊಟ್ಟೀನಿ. ಕೇಳು, ಅವನ್ನ ಕೇಳು. ಹೌದಂದ್ರ ನನ್ನ ಟಿಕೆಟ್ ಕ್ಯಾನ್ಸಲ್ ಮಾಡೂ ಹಂಗಿಲ್ಲ ಮತ್ತ. ಹೇಳಪಾ ತಮ್ಮಾ, ಹೌದನ್ನು."

ಐವತ್ತು ಮುಖಗಳು ಅವನತ್ತ ತಿರುಗಿದವು. ಅವನು ನೋಡಿದ್ದು ಒಂದೇ ಮುಖ, ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ ಪ್ರಗತಿಯದು. ಅವಳು ಸೀರೆಯ ಸೆರಗಿನ ಗೊಂಡೆ ಎಣಿಸುತ್ತಿದ್ದಳು. ಹೌದು ಅನ್ನಬೇಕು, ಎರಡಕ್ಷರ, ಮುದುಕಿ ಊರಿಗೆ ಹೋಗುತ್ತಾಳೆ ಎಂದು ಅವನೊಳಗೆ ಯಾರೋ ಹೇಳಿದರು. ಹೌದು ಅಂದರೆ ಪ್ರಗತಿಗೆ ಗೊತ್ತಾಗುವುದು ಹೀಗೆ, ಐವತ್ತು ಜನರ ನಡುವೆ, ಕರಿಬೇವಿನ ಕಟ್ಟಿನ ಮೂಲಕ ಎಂದು ಇನ್ನೊಬ್ಬ ಹೇಳಿದ. ಈ ಎರಡನೆಯವನು ಯಾವಾಗಲೂ ಗೆಲ್ಲುವವನು. ತಿರುಮಲ ಮೈಕಿನಲ್ಲೇ, ನಗುಮುಖದಿಂದ, "ಇಲ್ಲ ಅಮ್ಮ, ನಾನಲ್ಲ. ನಾನಿರೋದು ಆಸ್ಟಿನ್‌ನಲ್ಲಿ. ಸ್ಟಾಫರ್ಡ್ ಕಡೆ ಹೋಗೇ ಇಲ್ಲ" ಎಂದ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಸುಳ್ಳುಗಾರನಿಗೆ ಸುಳ್ಳನ್ನು ಇಸ್ತ್ರಿ ಮಾಡಿ ಕೊಡುವ ಚಪಲ. "ನಿಮಗೆ ಇನ್ಯಾರದೋ ನೆನಪು ಇರಬೇಕು" ಎಂದೂ ಸೇರಿಸಿದ.

ಗುರವ್ವ ನಿಂತೇ ಇದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಜಗಳಕ್ಕೆ ನಿಲ್ಲುತ್ತಾಳೆ, ಚಟ್ನಿಯ ಬಾಟಲಿಯ ಮುಚ್ಚಳದ ಬಣ್ಣ ಹೇಳುತ್ತಾಳೆ, ತಾನು ಸಿಕ್ಕಿಬೀಳುತ್ತೇನೆ ಎಂದು ಅವನು ಕಾದ. ಹಾಗಾಗಲಿ ಎಂದು ಒಂದು ಕ್ಷಣ ಬೇಡಿಕೊಂಡ ಕೂಡ. ಆಕೆ ಅವನನ್ನು ನೋಡಿದಳು, ಮಗನನ್ನು ನೋಡಿದಳು, ಆಮೇಲೆ ತನ್ನ ಎರಡೂ ಅಂಗೈ ನೋಡಿಕೊಂಡಳು. "ಅಲ್ಲೇನು?" ಎಂದಳು. ಸಿಯಾ ಬಂದು ಅಜ್ಜಿಯ ಭುಜ ಹಿಡಿದು ಕೂರಿಸುತ್ತ, "ಇಟ್ಸ್ ಓಕೇ ಅಜ್ಜಿ, ಇಟ್ ಹ್ಯಾಪನ್ಸ್" ಎಂದಳು. ಚನ್ನವೀರಪ್ಪನವರ ದನಿಯಲ್ಲಿ ಗೆದ್ದ ಖುಷಿಯೇನೂ ಇರಲಿಲ್ಲ, ಅಳು ಬಂದವರ ಹಾಗಿದ್ದರು. "ಇದಕ್ಕ ನಾ ಅಂದಿದ್ದವ್ವಾ" ಎಂದರು, ಅಷ್ಟೇ.

ಉಳಿದ ಭಾಷಣದಲ್ಲಿ ತಿರುಮಲ ಏನು ಹೇಳಿದನೋ ಅವನಿಗೇ ತಿಳಿಯದು. ಮೆಣಸಿನ ಚೀಲದ ಮಾತನ್ನು ಹೇಳಿದ್ದಂತೂ ಹೌದು, ಏಕೆಂದರೆ ಭಾರೀ ಚಪ್ಪಾಳೆ ಬಿತ್ತು. ಊಟಕ್ಕೆ ತಟ್ಟೆ ಹಿಡಿದು ಹಿತ್ತಿಲ ಬೇಲಿಯ ಹತ್ತಿರ ಹೋಗಿ ನಿಂತ. ರೊಟ್ಟಿ ಮುರಿದ, ಬಾಯಿಗೆ ಹಾಕಲಾಗಲಿಲ್ಲ. ಪ್ರಗತಿ ತನ್ನ ತಟ್ಟೆ ಹಿಡಿದು ಬಂದು ಪಕ್ಕದಲ್ಲಿ ನಿಂತು, ಎಣ್ಣೆಗಾಯಿ ಚೆನ್ನಾಗಿದೆ ಅನ್ನುವ ದನಿಯಲ್ಲೇ, "ಆ ಅಜ್ಜಿ ಹೇಳಿದ್ದು ನಿಜ ಅಲ್ವಾ?" ಎಂದಳು.

ಅವನು ಮುರಿದ ರೊಟ್ಟಿಯನ್ನೇ ಮತ್ತೆ ಮುರಿದ.

"ಕಾರು ಎಲ್ಲಿದೆ ಅಂತ ನನ್ನ ಫೋನಿಗೆ ಬರುತ್ತೆ ತಿರುಮಲ. ಹೋಗೋದರ ಬಗ್ಗೆ ಏಳು ವರ್ಷ ಓದಿದೋನಿಗೆ ಅಷ್ಟೂ ಹೊಳೀಲಿಲ್ವಾ? ಫೆಬ್ರವರಿಯಿಂದ ಪ್ರತಿ ಸೋಮವಾರ ನೀನು ಹ್ಯೂಸ್ಟನ್ ಕಡೆ ತಿರುಗೋದನ್ನ ಆಫೀಸಲ್ಲಿ ಕೂತು ನೋಡ್ತೀನಿ. ಮೊದಲು ಯಾರೋ ಹುಡುಗಿ ಅಂದ್ಕೊಂಡೆ. ಏಪ್ರಿಲಲ್ಲಿ ಒಂದಿನ ರಜ ಹಾಕಿ ಬಂದೆ. ಏಪ್ರನ್ ಹಾಕ್ಕೊಂಡು ನಿಂತಿದ್ದೆ. ಹುಡುಗಿಯಾಗಿದ್ರೆ ಜಗಳ ಆಡ್ಬಹುದಿತ್ತು."

"ಮತ್ತೆ ಯಾಕೆ ಕೇಳ್ಲಿಲ್ಲ?" ಎಂದ ಅವನು.

"ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ಆಮೇಲೆ ಕಾಯೋದು ಬಿಟ್ಟೆ." ಅವಳು ಮೊಸರಿಗೆ ಚಟ್ನಿಪುಡಿ ಕಲಸಿದಳು. "ಪೋಸ್ಟರಿಗೆ ಡಾಕ್ಟರ್ ಅಂತ ಹೆಸರು ಕೊಟ್ಟಿದ್ದೂ ನಾನೇ. ಏಳು ವರ್ಷ ಕೊಟ್ಟಿದೀನಿ, ನಂಗೊಂದು ಶನಿವಾರನಾದ್ರೂ ಬೇಡ್ವಾ? ಈಗ ಬಾಯ್ಮುಚ್ಕೊಂಡು ಶಾಲು ಹೊದಿಸ್ಕೋ."

ಅವಳು ಹೋದಳು. ಅವನು ಬೇಲಿ ಹಿಡಿದು ನಿಂತ. ಒಂಬತ್ತು ತಿಂಗಳು ಕಾವಲು ಕಾದ ಕೋಣೆಯೊಳಗೆ ಕದಿಯುವುದಕ್ಕೆ ಏನೂ ಇರಲಿಲ್ಲ. ಯಾವುದನ್ನು ಮುಚ್ಚಲು ಆ ಮುದುಕಿಯ ನೆನಪನ್ನು ಬಲಿ ಕೊಟ್ಟನೋ ಅದು ಏಪ್ರಿಲಿನಿಂದಲೇ ತೆರೆದೇ ಬಿದ್ದಿತ್ತು. ನಾಚಿಕೆಯಲ್ಲಿಯೂ ಒಂದು ದರ್ಜೆಯಿದೆ. ತನ್ನದು ತೀರಾ ತಳಮಟ್ಟದ್ದು ಎಂದುಕೊಂಡ. ಇನ್ನು ಮುಚ್ಚಿಡುವುದೇನಿದೆ? ಹೇಳಿಬಿಡುತ್ತೇನೆ. ಇವತ್ತೇ, ಮೈಕಿನಲ್ಲೇ. ಟಿಕೆಟ್ ಇನ್ನೂ ಕ್ಯಾನ್ಸಲ್ ಆಗಿಲ್ಲ. ಈ ನಿರ್ಧಾರ ಮಾಡಿದ ಮೇಲೆ ಅವನಿಗೆ ಹಸಿವಾಯಿತು. ನಿಂತಲ್ಲೇ ಎರಡು ರೊಟ್ಟಿ ತಿಂದ. ಇದನ್ನೂ ಹೇಳಬೇಕಾದದ್ದೇ.

ಸನ್ಮಾನಕ್ಕೆ ಅವನನ್ನು ಕೂರಿಸಿದರು. ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟರು. ಕೊನೆಗೆ ಚನ್ನವೀರಪ್ಪನವರು ತಮ್ಮದೇ ಗ್ರಾನೈಟಿನ ಫಲಕ ಕೊಟ್ಟರು. ಅದರ ಮೇಲೆ 'ಡಾ. ತಿರುಮಲ' ಎಂದು ಕೊರೆಯಲಾಗಿತ್ತು. ಅವನು ಆ ಭಾರವನ್ನು ಎತ್ತಿಕೊಂಡು ಎದ್ದು ಮೈಕಿಗೆ ಬಾಯಿಟ್ಟ.

"ಈ ಸನ್ಮಾನಕ್ಕೆ ನಾನು ಅರ್ಹನಲ್ಲ" ಎಂದ. ಸಭೆ ಮೆಚ್ಚಿ ತಲೆದೂಗಿತು. ಆಗ ಅವನಿಗೆ ತಾನು ಎಂಥ ಹಳ್ಳಕ್ಕೆ ಬಿದ್ದೆನೆಂದು ಹೊಳೆಯಿತು. ಶಾಲು ಹೊದ್ದವರೆಲ್ಲ ಹೇಳುವ ಮೊದಲ ವಾಕ್ಯವೇ ಅದು. ಹೋದ ತಿಂಗಳು ಇದೇ ಮೈಕಿನಲ್ಲಿ ಒಬ್ಬ ದೊಡ್ಡ ಸರ್ಜನ್, ನಾನೊಬ್ಬ ಕೂಲಿ, ಕತ್ತರಿಸುವುದಷ್ಟೇ ನನ್ನ ಕೆಲಸ ಎಂದು ಕಣ್ಣೀರು ತರಿಸಿದ್ದನಂತೆ. "ಇಲ್ಲ, ನಿಜವಾಗ್ಲೂ ಹೇಳ್ತಿದೀನಿ" ಎಂದು ಅವನು ದನಿಯೇರಿಸಿದ. "ನಾನು ಡಾಕ್ಟರ್ ಅಲ್ಲ. ಯೂನಿವರ್ಸಿಟಿಯವರು ಜನವರಿಯಲ್ಲೇ ನನ್ನ ಹೆಸರು ತೆಗೆದ್ರು. ಸ್ಟಾಫರ್ಡ್ ಅಂಗಡಿಯಲ್ಲಿ ಕರಿಬೇವು ಕಟ್ಟೋನು ನಾನೇ. ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ಅವರ ನೆನಪಿಗೆ ಏನೂ ಆಗಿಲ್ಲ. ಆಗ ನಾನು ಸುಳ್ಳು ಹೇಳಿದೆ."

ಹಿಂದಿನಿಂದ ಯಾರೋ, "ಆಹಾ, ಎಂಥಾ ವಿನಯ!" ಎಂದರು. ಚಪ್ಪಾಳೆ ಶುರುವಾಯಿತು. ಮಂಡಿನೋವಿನ ಆಂಟಿ ಕಣ್ಣೊರೆಸಿಕೊಂಡರು. ಚನ್ನವೀರಪ್ಪನವರು ಮೈಕು ಇಸಿದುಕೊಂಡು ಗದ್ಗದರಾಗಿ, "ತುಂಬಿದ ಕೊಡ ತುಳುಕೂದಿಲ್ಲ ಅಂತಾರಲ್ರಿ, ನೋಡ್ರಿ ಇಲ್ಲೆ. ನಮ್ಮವ್ವನ ಮಾನ ಉಳಸಾಕ ಇಂಥಾ ವಿದ್ವಾಂಸರು ತಾವ ಕರಿಬೇವು ಕಟ್ಟಾವ ಆದ್ರು. ಇದಕ್ಕೆಲ್ಲಾ ಸಂಸ್ಕಾರ ಬೇಕ್ರಿ" ಎಂದರು. ತಿರುಮಲ ಪ್ರಗತಿಯತ್ತ ನೋಡಿದ. ಒಂದು ಮಾತು ಸಾಕಿತ್ತು, ಹೌದು ನಿಜ ಎಂದು ಅವಳೊಬ್ಬಳು ಅಂದಿದ್ದರೆ ಸಾಕಿತ್ತು. ಅವಳು ಎದ್ದು ನಿಂತು, ಅವನ ಕಣ್ಣಲ್ಲಿ ಕಣ್ಣಿಟ್ಟು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಮೊದಲ ಸಾಲಿನ ಸೋಫಾ ಖಾಲಿಯಿತ್ತು. ಅವನು ಪೇಟವನ್ನೂ ತೆಗೆಯದೆ ಮನೆಯೆಲ್ಲ ಹುಡುಕಿದ. ಫೋಟೋ ತೆಗೆಸಿಕೊಳ್ಳಲು ಬಂದವರನ್ನು ತಳ್ಳಿಕೊಂಡು ಹೋದ. ಅದನ್ನೂ ವಿನಯವೆಂದೇ ತಿಳಿದರು. ಗುರವ್ವ ಗರಾಜಿನ ಬಾಗಿಲ ಹತ್ತಿರ, ಚಪ್ಪಲಿಗಳ ನಡುವಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಅವನು ಆಕೆಯ ಕಾಲ ಬಳಿ ಕುಕ್ಕರಿಸಿದ. ಗ್ರಾನೈಟಿನ ಫಲಕ ನೆಲಕ್ಕೆ ಟಕ್ಕೆಂದಿತು.

"ಅಜ್ಜಿ, ನಾನೇ. ತಿರುಮಲ. ದಂಟು ಹೊರಗೆ ಬಿಟ್ಟು ಕಟ್ಟು ಅಂತ ಹೇಳಿಕೊಟ್ಟಿದ್ದು ನೀವೇ. ಹಾರ್ಲಿಕ್ಸ್ ಬಾಟ್ಲಿಯಲ್ಲಿ ಚಟ್ನಿ ತಂದಿದ್ರಿ. ಮೂರು ದಿನಕ್ಕೆ ಖಾಲಿ ಮಾಡ್ಬಿಟ್ಟೆ. ನೀವು ಹೇಳಿದ್ದೆಲ್ಲಾ ಸರಿ. ನಾನು ಪಾಪಿ, ನಾನು ಸುಳ್ಳು ಹೇಳ್ದೆ." ಅವನು ಅಳುತ್ತಿದ್ದ. ತಾನು ಅಳುತ್ತಿರುವುದನ್ನು ಆಕೆ ನೋಡಲಿ ಎಂಬ ಆಸೆಯೂ ಆ ಅಳುವಿನಲ್ಲಿತ್ತು.

ಗುರವ್ವ ಬಹಳ ಹೊತ್ತು ಅವನ ಮುಖ ನೋಡಿದಳು. ಕೈ ಚಾಚಿ, ಜಾರಿದ್ದ ಪೇಟವನ್ನು ಸರಿಮಾಡಿದಳು.

"ಚಟ್ನಿ ಮಾತು ನಾನ ಅಂದೆನಲ್ಲಪಾ, ಆಗ ಎಲ್ಲಾರ ಮುಂದ. ಅದನ್ನ ಕೇಳಿ ಹೇಳಾಕತ್ತೀ."

"ಇಲ್ಲ ಅಜ್ಜಿ, ಬಾಟ್ಲಿ ಹಾರ್ಲಿಕ್ಸಿಂದು ಅಂತ ನೀವು ಅಂದಿರ್ಲಿಲ್ಲ."

"ಅಂದಿರಬೇಕು. ನನಗ ನೆನಪಿಲ್ಲ." ಆಕೆಯ ದನಿಯಲ್ಲಿ ಕೋಪವಿರಲಿಲ್ಲ. "ಓದಿದಾವ ನೀನು, ಕಲ್ಲಿನ್ಯಾಗ ಹೆಸರು ಕೊರಸ್ಕೊಂಡಾವ. ಒಬ್ಬಾಕಿ ಮುದುಕಿ ಸಲುವಾಗಿ ಹಿಂಗ ಸುಳ್ಳ ಹೇಳಬಾರದಪಾ. ಆ ಹುಡಗ ಬ್ಯಾರೆ ಇದ್ದ. ಭಾಳ ಒಳ್ಳೇ ಹುಡಗ. ಅವ ನನ್ನ ನೋಡಿದ್ರ ಹಂಗ ಇಲ್ಲ ಅಂತಿದ್ದಿಲ್ಲ."

ಗುರವ್ವ ಗೋಡೆ ಹಿಡಿದು ಎದ್ದಳು.

"ಟಿಕೆಟ್ ಕ್ಯಾನ್ಸಲ್ ಮಾಡಂತ ಈಗ ನಾನ ಜಯದೇವಿಗೆ ಹೇಳಿ ಬಂದೆ. ನೀವೆಲ್ಲಾ ಚಪ್ಪಾಳಿ ಹೊಡ್ಯಾಕತ್ತಿದ್ರಿ ನೋಡು, ಆಗ ಮಾಡಿದ್ಲು" ಎಂದಳು.